ಇಸಾಕಸಾಬರ ಬ್ರೆಡ್ ಪುಡ್ಡಿಂಗು

ಹೂವಿನಹಡಗಲಿಯ ಅಜೀಜಬಿಯ ಗಂಡ ಇಸಾಕಸಾಬರು ಪ್ರವಾಸಿ ಬಂಗಲೆಯಲ್ಲಿ ಅಡುಗೆಯವರಾಗಿದ್ದವರು. ಹಿಂದೆ ಬಿಳಿಯರಿಗೆ ಬೇಯಿಸಿ ಹಾಕಿದ್ದ ಮುದುಕ ಬಟ್ಲರನೊಬ್ಬನಿಂದ ಬ್ರೆಡ್ ಪುಡ್ಡಿಂಗು ಕಲಿತಿದ್ದರು. ಕೆಲಸ ಬಿಟ್ಟ ಮೇಲೂ ರಂಜಾನ್ ಹಬ್ಬದ ಮರುದಿನ ಅದನ್ನು ಮನೆಯಲ್ಲಿ ಮಾಡುವರು. ಆ ದಿನ ಹೆಂಡತಿ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ತಿಂಗಳು ಪೂರ್ತಿ ಒಲೆಯ ಮುಂದೆ ಬೆಂದವಳು ಒಂದು ದಿನ ಕೂತು ತಿನ್ನಲಿ ಎನ್ನುವರು. ಪಡಸಾಲೆಯಲ್ಲಿ ಕೂತ ಅಜೀಜಬಿ, ಜಾಯಿಕಾಯಿಯ ಘಮ ಬಂದಾಗ ಎದ್ದು ತಟ್ಟೆ ಒರೆಸುವಳು, ಅಷ್ಟೇ.

ಸಾಬರು ತೀರಿಕೊಂಡು ವರ್ಷವಾಗುತ್ತ ಬಂತು. ವರ್ಷದ ಫಾತೇಹಾ ಪ್ರಾರ್ಥನೆಯ ದಿನ, ತೀರಿಕೊಂಡವರಿಗೆ ಇಷ್ಟವಾಗಿದ್ದನ್ನು ಮಾಡಿ, ಮುಂದಿಟ್ಟು ಓದಿಸುವುದು ಆ ಮನೆಯ ಪದ್ಧತಿ. ಬಿರಿಯಾನಿ, ಖೀರು ಯಾರಾದರೂ ಮಾಡಿಯಾರು. ಪುಡ್ಡಿಂಗು ಮಾತ್ರ ತನ್ನ ಕೈಯಿಂದ, ಅವರ ಹದದಲ್ಲೇ ಆಗಬೇಕೆಂದು ಅಜೀಜಬಿ ಮನಸ್ಸು ಗಟ್ಟಿ ಮಾಡಿಕೊಂಡಳು.

ಮೊದಲ ಸಲ, ಮದುವೆ ಮನೆಯ ಡಬಲ್ ಕಾ ಮೀಠಾದಂತೆ ಬ್ರೆಡ್ಡನ್ನು ತುಪ್ಪದಲ್ಲಿ ಕರಿದು, ಹಾಲಿಗೆ ಹಾಕಿ, ಮೊಟ್ಟೆ ಒಡೆದು ಬೇಯಿಸಿದಳು. ಮೇಲೆ ಕೆಂಪಗಾಯಿತು, ಒಳಗೆಲ್ಲ ಅಂಬಲಿ. ಇನ್ನೊಂದು ಸಲ ಹಾಲು ಕಡಿಮೆ ಮಾಡಿದಳು. ಹಲ್ವಾದ ಹಾಗೆ ಚಮಚಕ್ಕೆ ಅಂಟಿತು. ಸಾಬರದು ಬರ್ಫಿಯಂತೆ ಚೌಕವಾಗಿ ಕತ್ತರಿಸಿ ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಸೊಸೆ ಸೈಮಾ ಫೋನಿನಲ್ಲಿ ಹುಡುಕಿ ತೋರಿಸಿದ್ದೂ ಬೇರೆಯೇ. ಬೇಕರಿಯಿಂದ ಕೇಕು ತರಿಸೋಣವೇ ಎಂದಳು. ಅಜೀಜಬಿ ಅಂಟಿದ ಪಾತ್ರೆ ತಿಕ್ಕತೊಡಗಿದಳು. ಆ ರುಚಿ ಅವರ ಜೊತೆಗೇ ಮಣ್ಣಿಗೆ ಹೋಯಿತೇನೋ ಎಂಬ ಭಯ ಎದೆಯಲ್ಲಿ ಕೂತಿತ್ತು.

ಫಾತೇಹಾದ ಹಿಂದಿನ ದಿನ, ಗೋರಿಗೆ ಏರಿಸಲೆಂದು ತಮ್ಮ ಹೊಲದ ಮಲ್ಲಿಗೆ ಹಿಡಿದು ಪಕ್ಕದ ಮನೆಯ ಕೊಟ್ರಬಸಮ್ಮ ಬಂದರು. ಲಿಂಗವಂತರ ಮನೆಯ ಹಿರಿಯರು. ಮೊಟ್ಟೆಯೆಂದರೆ ಮೂಗು ಮುಚ್ಚುವವರು. ಆದರೂ ಸಾಬರ ಪುಡ್ಡಿಂಗು ಅವರಿಗೆ ಬೇಕೇ ಬೇಕು. ಅವರಿಗೆಂದೇ ಸಾಬರು ಮೊಟ್ಟೆಯ ಬದಲು ಬಾಳೆಹಣ್ಣು ಹಿಸುಕಿ ಬೇರೆ ಡಬ್ಬಿಯಲ್ಲಿ ಮಾಡುವರು. ಮೊಟ್ಟೆಯ ಚಮಚ ತನ್ನ ಡಬ್ಬಿಗೆ ಬಿದ್ದೀತೆಂದು ಬಸಮ್ಮ ಹಿತ್ತಲ ಬಾಗಿಲಲ್ಲಿ ಮಣೆ ಹಾಕಿ ಕೂತು, ಮೊದಲಿಂದ ಕೊನೆಯವರೆಗೆ ಕಾಯುವರು. ಪೊಲೀಸರು ಬಂದರು ಎಂದು ಸಾಬರು ನಗುವರು.

ಪಾತ್ರೆಯಲ್ಲಿ ನೆನೆಯುತ್ತಿದ್ದ ಬ್ರೆಡ್ಡು ನೋಡಿ ಬಸಮ್ಮ ನಿಂತರು.

"ಹಾಲಿನಾಗ ಯಾಕ ಹಾಕೀಯವ್ವಾ? ಸಾಬ್ರು ನೀರಿನಾಗ ನೆನಿ ಹಾಕ್ತಿದ್ರು. ಆಮ್ಯಾಗ ಅರಿವಿ ಹಿಂಡಿದಂಗ ಹಿಂಡ್ತಿದ್ರು. ನಾ ಕಣ್ಣಿಲೆ ನೋಡೀನಿ."

ಅಜೀಜಬಿ ಅವರನ್ನು ಅಲ್ಲೇ ಕೂರಿಸಿ ಒಂದೊಂದಾಗಿ ಕೇಳಿದಳು. ಹಿಂದಿನ ದಿನದ ಬ್ರೆಡ್ಡು, ಅಂಚು ಸಮೇತ. ಹಿಂಡಿ, ಗಂಟಿಲ್ಲದಂತೆ ಬೆರಳಲ್ಲಿ ಬಿಡಿಸಿ, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ, ಜಾಯಿಕಾಯಿ. ಅಗಲ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ. ಪೂರ್ತಿ ಆರುವ ತನಕ ಚಾಕು ಮುಟ್ಟಿಸುವಂತಿಲ್ಲ.

ಮರುದಿನ ಬೆಳಗ್ಗೆ ಬಸಮ್ಮ ಕರೆಯದೆಯೇ ಬಂದರು. ಕಲಸುವಾಗ ಅಜೀಜಬಿ ಮೊಟ್ಟೆಗಳನ್ನು ಮರೆಗೆ ಸರಿಸಿ, ಬಾಳೆಹಣ್ಣೇ ಸಾಕು ಎಂದಳು. ಬಸಮ್ಮ ಮೊಟ್ಟೆಗಳತ್ತ ಬೆರಳು ತೋರಿದರು.

"ಅದು ನನ್ನ ಡಬ್ಬಿದು. ಸಾಬ್ರು ತಿಂತಿದ್ದದ್ದು ಮೊಟ್ಟಿದು. ಒಡಿ. ಎಷ್ಟು ಕಲಸಬೇಕಂತ ಇಲ್ಲೇ ಕುಂತು ಹೇಳ್ತೀನಿ."

ಸೆರಗನ್ನು ಮೂಗಿಗೆ ಹಿಡಿದು, ಕಣ್ಣು ತೆಗೆಯದೆ ಕೂತರು.

ಮಧ್ಯಾಹ್ನ ಓದುವವರು ಬಂದು ಕಾದರೂ ಅಜೀಜಬಿ ಅವಸರ ಮಾಡಲಿಲ್ಲ. ಡಬ್ಬಿಯ ತಳಕ್ಕೆ ಅಂಗೈ ಒತ್ತಿ, ಬಿಸಿ ಹೋಗಿದೆ ಎಂದು ಗೊತ್ತಾದ ಮೇಲೆಯೇ ಚಾಕು ಹಾಕಿದಳು. ತುಂಡು ಅಂಚು ಮುರಿಯದೆ ಎದ್ದು ಬಂತು. ಊದುಬತ್ತಿ ಹಚ್ಚಿ, ತಟ್ಟೆ ಮುಂದಿಟ್ಟು ಓದಿಸಿದರು.

ಹಂಚುವಾಗ ಸೈಮಾ ಒಂದು ತುಂಡನ್ನು ಅತ್ತೆಯ ಕೈಗಿತ್ತಳು. ಅಜೀಜಬಿ ಬಹಳ ಹೊತ್ತು ಅಗಿದಳು. ಕಣ್ಣು ಒರೆಸಿಕೊಂಡು ಸೊಸೆಯನ್ನು ಒಳಗೆ ಕರೆದು, ಉಳಿದ ಬ್ರೆಡ್ಡನ್ನು ನೀರಿಗೆ ಹಾಕಿಸಿದಳು. ಬಸಮ್ಮನವರ ಡಬ್ಬಿ ಇನ್ನೂ ಆಗಬೇಕಿತ್ತು.

"ನೀ ಹಿಂಡು," ಎಂದಳು ಸೈಮಾಗೆ. "ಇನ್ನೂ ಗಟ್ಟಿಯಾಗಿ."