ಎಲೋಡಿಯಾಳ ಮೂರು ವರ್ಷ

ನಮ್ಮೂರಿನಲ್ಲಿ ಬಾಸ್ಕೆಟ್‌ಬಾಲ್ ಚೆಂಡು ಕಾಯುವುದು ಊರ ಸೇವೆ, ಅಂದರೆ ಮನೆಗೊಬ್ಬರು ಸರದಿಯಂತೆ ಸಂಬಳವಿಲ್ಲದೆ ಮಾಡಲೇಬೇಕಾದ ಕೆಲಸ. ದೋನ್ ವುಲ್ಫ್ರಾನೊ ಒಂದು ವರ್ಷ ಕಾದ. ಎರಡು ಚೆಂಡು, ಒಂದು ಬೀಗ. ಆ ಬೀಗ ತೆಗೆಯುತ್ತಿದ್ದವಳೂ ಅವನ ಹೆಂಡತಿ ಒತಿಲಿಯಾ. ವರ್ಷ ಮುಗಿದಾಗ ಊರ ಸಭೆ ಚಪ್ಪಾಳೆ ತಟ್ಟಿ ಅವನಿಗೆ ಮೂರು ವರ್ಷ ವಿಶ್ರಾಂತಿ ಕೊಟ್ಟಿತು. ಪಾಪ, ದಣಿದಿದ್ದ.

ಅದೇ ಮೂರು ವರ್ಷ ಎಲೋಡಿಯಾ ಶಾಲೆಯಲ್ಲಿ ಮಾಡಿದ್ದು ಮಾತ್ರ ಸೇವೆಯಲ್ಲ.

ಅವಳೂ ನಾನೂ ಶಾಲೆಯ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುವವರು. ಕಣ್ಣು ಕಾಣದ ನಿದಿಯಾಳನ್ನು ಅವಳ ತಾಯಿ ನಮ್ಮ ಒಲೆಯ ಪಕ್ಕ ಬಿಟ್ಟು ಹೊಲಕ್ಕೆ ಹೋಗುತ್ತಿದ್ದಳು. "ಹಲಗೆ ಕಾಣದ ಮಗೂಗೆ ಏನು ಕಲಿಸ್ಲಿ? ಒಹಾಕಾ ಪಟ್ಟಣದಿಂದ ಕುರುಡರ ಅಕ್ಷರದ ಯಂತ್ರ ಬರ್ಬೇಕು" ಎನ್ನುತ್ತಿದ್ದ ಮೇಷ್ಟ್ರು ಅಬ್ಸಲೋನ್. ಯಂತ್ರ ಬರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಎಲೋಡಿಯಾ ಒಂದು ದಿನ ಕೈ ತೊಳೆದು, ಹುಡುಗಿಯ ಕೈ ಹಿಡಿದು ತರಗತಿಯೊಳಗೆ ಹೋಗಿ ಕೂತಳು.

"ಮೇಷ್ಟ್ರೇ, ಹಲಗೆ ಮೇಲಿರೋದನ್ನ ಬಾಯಲ್ಲಿ ಹೇಳ್ದೆ ಒರೆಸ್ಬೇಡಿ."

ಅಷ್ಟೇ. ಅಲ್ಲಿಯವರೆಗೆ ಸುಮ್ಮನೆ ನಕಲು ಮಾಡುತ್ತಿದ್ದ ಉಳಿದ ಮಕ್ಕಳಿಗೂ ಪಾಠ ಅರ್ಥವಾಗತೊಡಗಿತು. ರಟ್ಟಿನ ಮೇಲೆ ಕತ್ತಾಳೆ ದಾರ ಅಂಟಿಸಿದರೆ ನದಿ, ಹುರುಳಿಕಾಯಿ ಬೀಜ ಅಂಟಿಸಿದರೆ ಬೆಟ್ಟ. ರೊಟ್ಟಿ ಹರಿದರೆ ಭಿನ್ನರಾಶಿ. ಎರಡನೇ ವರ್ಷ ನಿದಿಯಾಳೇ ಪಕ್ಕದವರಿಗೆ ಹೇಳಿಕೊಡುತ್ತಿದ್ದಳು: "ಕಾಲು ಭಾಗ ಅಂದ್ರೆ ಇಷ್ಟು. ಕಣ್ ಮುಚ್ಚಿ ಮುಟ್ಟು, ದಡ್ಡ."

ಈ ಸಲ ಸೇವೆಯ ಸರದಿ ಎಲೋಡಿಯಾಳ ಮನೆಯದು. ವಿಧವೆಯಾದ ಮಾತ್ರಕ್ಕೆ ಬಿಡುವುದಿಲ್ಲ. ಊರ ಸಭೆಯಲ್ಲಿ ಅಧ್ಯಕ್ಷ ದೋನ್ ಹೆರಾಸಿಮೊ ಅವಳಿಗೆ ಪಂಚಾಯಿತಿಯ ಓಲೆಕಾರಿಕೆ ಹಾಕಿದ. ಇಡೀ ವರ್ಷ, ಬೆಳಗಿನಿಂದ ಸಂಜೆಯವರೆಗೆ ಪಂಚಾಯಿತಿ ಬಾಗಿಲಲ್ಲಿ. ಅಂದರೆ ನಿದಿಯಾ ಮತ್ತೆ ಒಲೆಯ ಪಕ್ಕ.

"ಶಾಲೆ ಕೆಲಸನೇ ಸೇವೆ ಅಂತ ಹಿಡೀರಿ" ಎಂದಳು ಎಲೋಡಿಯಾ.

ಗಂಡಸರು ನಕ್ಕರು. ವುಲ್ಫ್ರಾನೊ ಎಲ್ಲರಿಗಿಂತ ಜೋರಾಗಿ ನಕ್ಕ. "ಮಗು ಪಕ್ಕ ಕೂರೋದು ಸೇವೇನಾ, ದೊನ್ಯಾ ಎಲೋಡಿಯಾ? ಯಾವ ಹೆಂಗಸಾದ್ರೂ ಮಾಡ್ತಾಳೆ."

"ಸರಿ, ಯಾರು ಮಾಡ್ತೀರಿ?" ಎಂದು ಹೆರಾಸಿಮೊ ಹೆಂಗಸರು ಕೂತಿದ್ದ ಹಿಂದಿನ ಬೆಂಚುಗಳತ್ತ ಕೈ ಬೀಸಿದ.

"ನನ್ನ ಕೈಲಾಗಲ್ಲಪ್ಪ, ಚೆಂಡಿನ ಬೀಗ ತೆಗ್ದೂ ತೆಗ್ದೂ ಸಾಕಾಗಿದೆ" ಎಂದಳು ಒತಿಲಿಯಾ. ನಾನೂ ಆಗುವುದಿಲ್ಲವೆಂದೆ. ನಿದಿಯಾಳ ತಾಯಿ ಶಾಲಿನ ಅಂಚು ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಆಗುವುದಿಲ್ಲವೆಂದು ತಲೆಯಾಡಿಸಿದರು.

"ಸುಲಭದ ಕೆಲಸ ಅಲ್ವಾ? ನನ್ನ ಗಂಡನೇ ಹೋಗ್ಲಿ, ವಿಶ್ರಾಂತಿ ಮುಗೀತಲ್ಲ" ಎಂದು ಒತಿಲಿಯಾ ಸೇರಿಸಿದಳು.

ಹೆರಾಸಿಮೊನಿಗೆ ಊಟದ ಹೊತ್ತಾಗಿತ್ತು. "ಹೋಗ್ಲಿ ವುಲ್ಫ್ರಾನೊನೇ. ಬರ್ಕೊಳ್ರಿ!"

"ಏನಂತ ಬರೀಲಿ?" ಎಂದ ಗುಮಾಸ್ತ.

"ಶಾಲೆ ಸೇವೆ, ಒಂದು ವರ್ಷ."

ಬರೆದೂ ಬಿಟ್ಟ, ಶಾಯಿಯಲ್ಲಿ. ಮೂರು ವರ್ಷ ಸೇವೆಯಾಗದ್ದು ಗಂಡಸಿನ ಹೆಸರು ಬಿದ್ದ ಅರೆನಿಮಿಷದಲ್ಲಿ ಸೇವೆಯಾಯಿತು.

ವುಲ್ಫ್ರಾನೊ ಎದ್ದು ನಿಂತ. "ಇಡೀ ದಿನಾನಾ? ಮಕ್ಕಳ ಮಧ್ಯೆ? ನಂಗೆ ಬೆನ್ನು ನೋವು, ಮಾರಾಯ! ಅಷ್ಟು ಕಷ್ಟದ ಕೆಲಸ ನನ್ನಿಂದಾಗಲ್ಲ."

"ಹೆಸರು ಹೊಡೆದಾಕಿ, ಕೆಲಸ ಹೊಡೆದಾಕ್ಬೇಡಿ. ನನ್ನ ಹೆಸರು ಬರೀರಿ" ಎಂದಳು ಎಲೋಡಿಯಾ.

ಗುಮಾಸ್ತ ಬರೆದ. ಓಲೆಕಾರಿಕೆ ವುಲ್ಫ್ರಾನೊನ ಪಾಲಿಗೆ ಹೋಯಿತು. ಅದು ಗಂಡಸಿಗೆ ಒಪ್ಪುವ ಕೆಲಸ, ಕುರ್ಚಿಯಿದೆ.

"ಕಳೆದ ಮೂರು ವರ್ಷ?" ಎಂದು ನಾನು ಕೇಳಿದೆ.

"ಆಗ ಅಂಥ ಸೇವೆನೇ ಇರ್ಲಿಲ್ವಲ್ಲಮ್ಮ" ಎಂದ ಹೆರಾಸಿಮೊ, ತುಂಬ ತಾಳ್ಮೆಯಿಂದ.

ಸೋಮವಾರ ನಿದಿಯಾ ತನ್ನ ಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಎಲೋಡಿಯಾ. ಪಂಚಾಯಿತಿ ಬಾಗಿಲಲ್ಲಿ ವುಲ್ಫ್ರಾನೊ ಹೋಗಿಬರುವವರಿಗೆಲ್ಲ ಹೇಳುತ್ತಿದ್ದ, "ಆ ಸೇವೆ ಶುರುವಾಗಿದ್ದೇ ನನ್ನ ಹೆಸರಲ್ಲಿ, ಗೊತ್ತಾ?"