ಖಾಲಿ ವ್ಯಾನಿನ ಟಾರ್ಪಾಲು

ಗಂಡಸಿಯಿಂದ ಅರಸೀಕೆರೆಗೆ ತೆಂಗಿನಕಾಯಿ ಸಾಗಿಸುತ್ತಿದ್ದ ತೆರೆದ ವ್ಯಾನಿನ ಡ್ರೈವರು, ಕಾಯಿ ಇಳಿಸಿ ಖಾಲಿಯಾದ ಮೇಲೆ ಹಿಂಬದಿಗೆ ಟಾರ್ಪಾಲು ಹೊದಿಸುತ್ತಿದ್ದರು. ಹಗ್ಗ ಬಿಗಿದು ಅಂಗೈಯಿಂದ ತಟ್ಟಿದಾಗ ತಮಟೆಯಂತೆ ಸದ್ದು ಬಂದರೇನೇ ಅವರಿಗೆ ಸಮಾಧಾನ. ಮಂಡಿಯವರು ನಗುತ್ತಿದ್ದರು. ಸಂಜೆ ಶಾಲೆ ಬಿಟ್ಟು ಅವರ ಪಕ್ಕ ಕೂತು ಊರಿಗೆ ಮರಳುತ್ತಿದ್ದ ನಾನೂ ಒಮ್ಮೆ ಕಾರಣ ಕೇಳಿದ್ದೆ.

“ಬಿಚ್ಚಿಟ್ರೆ ಗಾಳಿ ಪುಗಸಟ್ಟೆ ಹತ್ಕೊಂಡು ಪೆಟ್ರೋಲು ಕುಡೀತೈತೆ ಕಣ್ರೀ ಮೇಷ್ಟ್ರೇ.”

ಯಾರು ಕೇಳಿದರೂ ಅದೇ ಉತ್ತರ.

ಒಂದು ಸಂಜೆ ಅವರು ತಮ್ಮ ತಾಯಿಯನ್ನು ಆಸ್ಪತ್ರೆಯಿಂದ ಊರಿಗೆ ಕರೆದೊಯ್ಯಬೇಕಿತ್ತು. ವ್ಯಾನಿನ ಹಿಂದೆ ಹುಲ್ಲು ಹಾಸಿ, ಜಮಖಾನ ಹರಡಿ ಮಲಗಿಸಿದರು. ಟಾರ್ಪಾಲನ್ನು ಮಡಚಿ ಆಕೆಯ ತಲೆಯಡಿ ಇಟ್ಟರು.

“ಇವತ್ತು ಗಾಳಿ ಹತ್ತಲ್ವೇನ್ರೀ?” ಎಂದೆ.

“ಹತ್ಲಿ ಬಿಡಿ, ಪೆಟ್ರೋಲೂ ಕುಡೀಲಿ. ಅವ್ವ ಆಸ್ಪತ್ರೇಲಿ ಗಾಳೀನೇ ಕಂಡಿಲ್ಲ.”