ಕಂಟ್ರೋಲ್ ಎಂದು ಬರೆದ ಚೀಟಿ

ನನಗೆ ತಾಳ್ಮೆ ಅನ್ನುವುದು ಹುಟ್ಟಿದಾಗಿನಿಂದಲೂ ಇಲ್ಲ, ಕೆಲಸವೂ ಅದಕ್ಕೆ ತಕ್ಕ ಹಾಗೇ ಸಿಕ್ಕಿತು. ಮೂಗಿನೊಳಗೆ ಹೊಕ್ಕ ಬೂಷ್ಟು ಕಣ್ಣಿಗೆ, ಮಿದುಳಿಗೆ ಏರುವ ಕಾಯಿಲೆಯೊಂದಿದೆ. ಕೊರೊನಾ ಕಾಲದಲ್ಲಿ ಊರೆಲ್ಲ ಅದನ್ನು ಬ್ಲ್ಯಾಕ್ ಫಂಗಸ್ ಎಂದು ಕರೆಯಿತು. ಗಾಳಿಯಲ್ಲಿ ಸದಾ ಇರುವ ಈ ಬೂಷ್ಟನ್ನು ನಮ್ಮೆಲ್ಲರ ಬಿಳಿ ರಕ್ತಕಣಗಳು ಸದ್ದಿಲ್ಲದೆ ಕೊಂದು ಹಾಕುತ್ತಿರುತ್ತವೆ. ಸಕ್ಕರೆ ಕಾಯಿಲೆ ಜೋರಾದ ಕೆಲವರಲ್ಲಿ ಮಾತ್ರ ಅವು ಸೋಲುವುದೇಕೆ? ದೊಡ್ಡನೆಕ್ಕುಂದಿಯ ನಮ್ಮ ಲ್ಯಾಬಿನಲ್ಲಿ ಹುಡುಕುತ್ತಿದ್ದದ್ದು ಅದನ್ನೇ. ಆ ಕಣಗಳೋ, ಮೈಯಿಂದ ಹೊರಬಂದರೆ ಕೆಲವೇ ಗಂಟೆ ಬದುಕುತ್ತವೆ. ಕಂಟೋನ್ಮೆಂಟಿನ ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು, ಹಲಸೂರಿನ ಸಿಗ್ನಲ್ಲಿಗೂ ಇಂದಿರಾನಗರದ ಸಿಗ್ನಲ್ಲಿಗೂ ಶಾಪ ಹಾಕುತ್ತಾ ಓಡುವುದೇ ನನ್ನ ಬೆಳಗು.

ಆ ದಿನದ ರೋಗಿ ಶಿವಾಜಿನಗರದಲ್ಲಿ ಪಾತ್ರೆ ಅಂಗಡಿ ಇಟ್ಟವರು. ಬಲಗಣ್ಣು ಊದಿಕೊಂಡಿತ್ತು, ಮರುದಿನ ಬೆಳಗ್ಗೆ ಆಪರೇಷನ್ ಇತ್ತು. ಅವರ ರಕ್ತ ತೆಗೆದ ಮೇಲೆ ಹೆಂಡತಿಯದ್ದೂ ತೆಗೆದೆ. ಹೋಲಿಸಿ ನೋಡಲು ಅದೇ ಮನೆಯ, ಆರೋಗ್ಯವಾಗಿರುವ ಒಬ್ಬರ ರಕ್ತ ಬೇಕು. ಅದಕ್ಕೆ ನಾವು ಕಂಟ್ರೋಲ್ ಅನ್ನುತ್ತೇವೆ. ಒಪ್ಪಿಗೆ ಪತ್ರ ಓದಿ ಹೇಳಿದ್ದೆ, ನಿಜ. ಬಸ್ ಕಂಡಕ್ಟರ್ ಸ್ಟಾಪುಗಳ ಹೆಸರು ಕೂಗಿದ ಹಾಗೆ ಓದಿದ್ದೆ.

ಆಕೆ ಟ್ಯೂಬೊಂದರ ಮೇಲಿನ ಚೀಟಿ ತೋರಿಸಿದರು. “ಇದ್ರಲ್ಲಿ ಏನ್ ಬರ್ದಿದೀರ ಮೇಡಂ?”

“ಕಂಟ್ರೋಲ್ ಅಂತ.”

“ಕಂಟ್ರೋಲಾ? ಪಕ್ಕಾ?”

“ಹೂಂ, ಪಕ್ಕಾ,” ಅಂದೆ, ಪೆಟ್ಟಿಗೆ ಮುಚ್ಚುತ್ತಾ.

“ಯಾ ಅಲ್ಲಾ, ತೇರಾ ಶುಕರ್!” ಆಕೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ರಕ್ತ ಕೊಟ್ಟು ಇಷ್ಟು ಖುಷಿಪಡುವವರೂ ಇದ್ದಾರಲ್ಲ ಅಂದುಕೊಂಡೆ. ಎಂಥ ಪೆದ್ದಿ ನಾನು! ಕೈ ಬಿಡಿಸಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ.

ಮಧ್ಯಾಹ್ನ ಕಣಗಳನ್ನು ಬೇರ್ಪಡಿಸುತ್ತಿದ್ದಾಗ ಆಸ್ಪತ್ರೆಯ ಡಾಕ್ಟರ್ ಫೋನ್ ಮಾಡಿದರು. “ಏನ್ರೀ ಹೇಳಿದ್ರಿ ಅವ್ರಿಗೆ? ಲ್ಯಾಬ್ ಮೇಡಮ್ಮೇ ಕಂಟ್ರೋಲ್ ಅಂದ್ರು, ಆಪರೇಷನ್ ಬೇಡ ಅಂತ ಸೈನ್ ಹಾಕಿ ಮನೆಗೆ ಹೊರಟ್ಬಿಟ್ಟಿದ್ದಾರೆ. ಫೋನೂ ಎತ್ತಲ್ಲ. ವಾಪಸ್ ಬರ್ಲಿಲ್ಲ ಅಂದ್ರೆ ಆ ಮನುಷ್ಯ ಉಳಿಯಲ್ಲ.”

ಶುಗರ್ ಇರುವ ಮನೆಯಲ್ಲಿ ಕಂಟ್ರೋಲ್ ಅನ್ನುವ ಮಾತಿಗೆ ಒಂದೇ ಅರ್ಥ. ದಾವಣಗೆರೆಯಲ್ಲಿರುವ ಅಪ್ಪನಿಗೆ ಫೋನ್ ಮಾಡಿದಾಗಲೆಲ್ಲ ನಾನೇ ಕೇಳುತ್ತೇನೆ, ಶುಗರ್ ಕಂಟ್ರೋಲಲ್ಲಿದೆಯಾ ಅಂತ. ಎರಡು ಟ್ಯೂಬುಗಳಲ್ಲಿ ಯಾವುದು ಯಾರದೆಂದು ಆಕೆಗೆ ಹೇಗೆ ಗೊತ್ತಾಗಬೇಕು?

ವಿಳಾಸ ಬರೆದುಕೊಂಡು ಎದ್ದೆ. “ಎಲ್ಲಿಗೇ? ಇವೆಲ್ಲ ಸತ್ತೋಗತ್ತೆ ಕಣೇ,” ಎಂದು ಪಕ್ಕದ ಬೆಂಚಿನವಳು ಕೂಗಿದಳು.

“ಸಾಯ್ಲಿ ಬಿಡು,” ಅಂದೆ.

ಶಿವಾಜಿನಗರದ ಆ ಗಲ್ಲಿಗೆ ಆಟೊ ಹೋಗಲಿಲ್ಲ, ಓಡಿದೆ. ಬಾಗಿಲು ತೆರೆದ ಆಕೆಯ ಮುಖ ಅರಳಿತು. ಕೂತ್ಕೊಳಿ ಎಂದು ಹೇಳಿ, ನಾನು ಬಾಯಿ ತೆರೆಯುವುದರೊಳಗೆ ಒಂದು ಬಟ್ಟಲು ಶಾವಿಗೆ ಪಾಯಸ ತಂದರು. ಅಕ್ಕಪಕ್ಕದವರಿಗೂ ಹಂಚಿದ್ದರಂತೆ. ಗಂಡ ದಿಂಬಿಗೊರಗಿ ಕಣ್ಣಿನ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡಿದ್ದರು.

“ಅದು ನಿಮ್ಮ ರಕ್ತದ ಟ್ಯೂಬು,” ಎಂದೆ ಆಕೆಗೆ. “ನಿಮಗೆ ಕಾಯಿಲೆ ಇಲ್ಲ, ಅದಕ್ಕೇ ಹಾಗೆ ಬರೆಯೋದು. ಇವರದ್ದು ಕಂಟ್ರೋಲ್‌ಗೆ ಬಂದಿಲ್ಲ.”

ಆಕೆ ಬಟ್ಟಲನ್ನು ನೆಲದ ಮೇಲಿಟ್ಟು ಅಲ್ಲೇ ಕುಳಿತರು. ಒಬ್ಬರ ಸಂತೋಷವನ್ನು ಅವರ ಮನೆಗೇ ಹೋಗಿ ಕಿತ್ತುಕೊಂಡದ್ದು ಅದೇ ಮೊದಲು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಗಂಡ ಕೇಳಿದರು: “ಕಣ್ಣು ತೆಗೀತಾರಾ?”

“ತೆಗೀಬಹುದು.”

“ತೆಗಿಸ್ದೆ ಹೋದ್ರೆ?”

“ಜೀವಾನೇ ಹೋಗತ್ತೆ.”

ಅವರು ಎದ್ದು, ಮೊಳೆಗೆ ನೇತು ಹಾಕಿದ್ದ ಶರ್ಟಿಗಾಗಿ ಗೋಡೆ ತಡವಿದರು.

ಮರುದಿನ ಆಪರೇಷನ್ ಆಯಿತು. ಕಣ್ಣು ಹೋಯಿತು, ಜೀವ ಉಳಿಯಿತು. ಅವರು ಮನೆಗೆ ಹೋಗುವ ಮೊದಲೇ ಬೂಷ್ಟು ಕಣ್ಣಿಗೆ ಏರಿತ್ತು, ಅರ್ಧ ದಿನ ಮನೆಯಲ್ಲಿದ್ದದ್ದರಿಂದ ಏನೂ ಬದಲಾಗಿಲ್ಲ ಎಂದರು ಡಾಕ್ಟರ್. ಮನಸ್ಸು ಹಗುರವಾಯಿತು, ಸುಳ್ಳು ಯಾಕೆ ಹೇಳಲಿ.

ವಾರ್ಡಿನ ಬಾಗಿಲಲ್ಲಿ ಆಕೆ ನನ್ನನ್ನು ಕಂಡು ಎದ್ದು ಬಂದರು. “ಮಾಫ್ ಮಾಡಿ ಮೇಡಂ, ಓದಿಲ್ಲ ನಾನು, ಅರ್ಥ ಆಗ್ಲಿಲ್ಲ. ನನ್ನಿಂದ ನಿಮ್ಮ ಕೆಲ್ಸಾನೂ ಹಾಳಾಯ್ತಂತೆ.” ಹಾಗೆಂದು ಬುರ್ಖಾದ ತೋಳು ಮೇಲಕ್ಕೆ ಸರಿಸಿ ಕೈ ಚಾಚಿದರು. “ಮತ್ತೆ ತಗೊಳ್ಳಿ. ಎಷ್ಟ್ ಬೇಕೋ ತಗೊಳ್ಳಿ.”

“ತಪ್ಪು ನಂದು ಕಣ್ರೀ,” ಅಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ಆಕೆ ಕೈ ಹಾಗೇ ಚಾಚಿಕೊಂಡು ನಿಂತಿದ್ದರು.